ಕಾಲು ಜೋಮು ಹಿಡಿದರೆ ‘ಶುಗರ್ ಇರಬೇಕು’ ಅಂತ ಸುಮ್ಮನಾಗಬೇಡಿ

ಮೊದಮೊದಲು ಬರೀ ಜೋಮು. ರಾತ್ರಿ ಮಲಗಿದರೆ ಎರಡೂ ಪಾದದ ಬೆರಳುಗಳಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಬೆಳಿಗ್ಗೆ ಎದ್ದು ಓಡಾಡಿದರೆ ಮರೆತೇ ಹೋಗುತ್ತಿತ್ತು. ನಾನು ತಿಪಟೂರಿನಲ್ಲಿ ಬ್ಲೌಸ್ ಹೊಲಿದು, ಸೀರೆಗೆ ಕುಚ್ಚು ಕಟ್ಟಿ ಬದುಕುವವಳು. ದಿನವಿಡೀ ಮಷಿನ್ ತುಳಿಯುವ ಕಾಲು, ಜೋಮು ಹಿಡಿಯದೇ ಇರುತ್ತದಾ ಅಂದುಕೊಂಡೆ.

ಒಂಬತ್ತು ವರ್ಷದಿಂದ ಶುಗರ್ ಇದೆ. ದಿನಕ್ಕೆ ಎರಡು ಮೆಟ್‌ಫಾರ್ಮಿನ್. ಹೊಟ್ಟೆ ಉರಿಗೆ ಅಂತ ಖಾಲಿ ಹೊಟ್ಟೆಯಲ್ಲಿ ಒಂದು ಗ್ಯಾಸ್ ಮಾತ್ರೆ. ಅದನ್ನು ಬರೆದುಕೊಟ್ಟಿದ್ದು ಹದಿನೈದು ದಿನಕ್ಕೆ, ನಾನು ನುಂಗಿದ್ದು ನಾಲ್ಕು ವರ್ಷ. ಮೊಟ್ಟೆ, ಮೀನು, ಮಾಂಸ ನಮ್ಮ ಮನೆಯಲ್ಲಿಲ್ಲ. ಹಾಲು ಅಂದರೆ ಕಾಫಿಗೆ ಬಿಡುವಷ್ಟು. ಈ ಮೂರೂ ಸೇರಿದರೆ ಮೈಯಲ್ಲಿ ಬಿ12 ಅನ್ನುವ ವಿಟಮಿನ್ ಇಳಿದುಹೋಗಬಹುದು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೋಮು ಮೊಣಕಾಲಿನ ಹತ್ತಿರಕ್ಕೆ ಬಂದಾಗ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಶುಗರ್ ರಿಪೋರ್ಟ್ ನೋಡಿ, ‘ಶುಗರ್ ಇದ್ದವರಿಗೆ ಇದು ಇದ್ದದ್ದೇ ಅಮ್ಮ’ ಅಂದರು. ರಾತ್ರಿ ತೆಗೆದುಕೊಳ್ಳಲು ನರದ ನೋವಿಗೊಂದು ಮಾತ್ರೆ ಕೊಟ್ಟರು. ಉರಿ ಕಡಿಮೆಯಾಯಿತು, ನಿದ್ದೆಯೂ ಬಂತು. ನರ ಹಾಳಾಗುವುದು ಮಾತ್ರ ಒಳಗೊಳಗೇ ನಡೆದಿತ್ತು.

ಇಲ್ಲಿ ನನ್ನ ತಪ್ಪೂ ಒಂದಿದೆ. ಸುಸ್ತು ಜಾಸ್ತಿ ಆಯಿತು ಅಂತ ಮೆಡಿಕಲ್ ಶಾಪಿನಿಂದ ನಾನೇ ರಕ್ತ ಹೆಚ್ಚಿಸುವ ಮಾತ್ರೆ ತಂದು ನುಂಗಿದೆ. ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುವಂಥದ್ದು. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 9.2ರಿಂದ 10.8ಕ್ಕೆ ಏರಿತು. ಎಷ್ಟು ಖುಷಿಪಟ್ಟೆ ಗೊತ್ತಾ! ಫೋಲಿಕ್ ಆಸಿಡ್ ಮಾಡುವ ಮೋಸ ಆಮೇಲೆ ತಿಳಿಯಿತು. ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಅದು ಒಂದು ಮಟ್ಟಿಗೆ ಸರಿ ಮಾಡಿಬಿಡುತ್ತದೆ. ರಿಪೋರ್ಟ್ ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ನರಕ್ಕೆ ಮಾತ್ರ ಅದರಿಂದ ಏನೂ ಉಪಯೋಗ ಇಲ್ಲ. ವಯರಿನ ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ನರಕ್ಕೂ ಹಾಗೇ ಒಂದು ಹೊದಿಕೆ ಇರುತ್ತದೆ. ಆ ಹೊದಿಕೆ ಗಟ್ಟಿಯಾಗಿರಲು ಬಿ12 ಬೇಕೇ ಬೇಕು.

ಒಂದು ಸಂಜೆ ಸೊಪ್ಪು ತಗೊಂಡು ಬರುತ್ತಿದ್ದೆ. ಜೊತೆಗಿದ್ದ ಮಗಳು ನಿಂತು, ‘ಅಮ್ಮಾ, ಎಡಗಾಲಿನ ಚಪ್ಪಲಿ ಎಲ್ಲಿ?’ ಅಂದಳು. ನೋಡಿದರೆ ಬರಿಗಾಲು. ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ರಸ್ತೆಯಲ್ಲಿ ಬಿದ್ದಿತ್ತು. ಟಾರು ಕಾದಿತ್ತು, ಜಲ್ಲಿಯೂ ಇತ್ತು, ನನಗೆ ಒಂದೂ ತಿಳಿದಿರಲಿಲ್ಲ. ಅದೇ ವಾರ ಯಾರದೋ ಮದುವೆ ಬ್ಲೌಸಿಗೆ ಹುಕ್ ಹಾಕುತ್ತಿದ್ದೆ. ಕೆನೆ ಬಣ್ಣದ ರೇಷ್ಮೆ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಸೂಜಿ ಬೆರಳಿಗೆ ಹೊಕ್ಕಿದ್ದು ಆ ರಕ್ತ ನೋಡಿದ ಮೇಲೆ ಗೊತ್ತಾಯಿತು. ಮೂವತ್ತು ವರ್ಷದ ಕಸುಬು, ಆವತ್ತು ಕೈ ನಡುಗಿತು. ಬ್ಲೌಸ್ ಪೀಸಿನ ದುಡ್ಡೂ ನಾನೇ ಕೊಟ್ಟೆ, ಅದು ಬೇರೆ ಕಥೆ.

ಮುಖ ತೊಳೆಯುವಾಗ ಕಣ್ಣು ಮುಚ್ಚಿದ್ದೇ ತಡ, ವಾಲಿ ಹೋಗಿ ಬಚ್ಚಲ ಗೋಡೆಗೆ ಹಣೆ ಬಡಿದುಕೊಂಡೆ. ಆಗ ಮಗಳು ಹಟ ಮಾಡಿ ತುಮಕೂರಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಡಾಕ್ಟರಮ್ಮ ಮೊದಲು ನಾಲಿಗೆ ತೋರಿಸಿ ಅಂದರು. ಕೆಂಪಗೆ, ನುಣ್ಣಗೆ ಆಗಿತ್ತಂತೆ. ಸಾರು ತಗುಲಿದರೆ ಉರಿಯುವುದನ್ನು ನಾನು ಖಾರ ಜಾಸ್ತಿ ಅಂದುಕೊಂಡಿದ್ದೆ. ಆಮೇಲೆ ಎರಡು ಕವಲಿನ ಒಂದು ಕಬ್ಬಿಣವನ್ನು ತಟ್ಟಿ ಕಾಲಿನ ಹೆಬ್ಬೆರಳಿಗೆ ಇಟ್ಟರು. ‘ಗುಂಯ್ ಅನ್ನುತ್ತಾ?’ ಇಲ್ಲ. ಹಿಮ್ಮಡಿಗೆ ಇಟ್ಟರು. ಇಲ್ಲ. ಮಂಡಿಯ ಹತ್ತಿರ ಬಂದಾಗ ಸ್ವಲ್ಪ ಗೊತ್ತಾಯಿತು. ‘ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಗ್ಯಾಸ್ ಮಾತ್ರೆ?’ ಅಂತ ಕೇಳಿ, ಬಿ12 ಪರೀಕ್ಷೆಗೆ ಬರೆದರು. ಬಂದದ್ದು 94. ಕಡಿಮೆ ಅಂದರೂ 200 ಇರಬೇಕಿತ್ತು.

ಅವರು ವಿವರಿಸಿದ್ದು ಇಷ್ಟು. ಊಟದಲ್ಲಿರುವ ಬಿ12 ಬಿಡಿಸಿಕೊಂಡು ಬರಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ ಮಾತ್ರೆ ಅದನ್ನೇ ತಗ್ಗಿಸುತ್ತದೆ. ಬಿಡಿಸಿಕೊಂಡದ್ದನ್ನು ಸಣ್ಣ ಕರುಳಿನ ಕೊನೆ ಹೀರಬೇಕು, ಅಲ್ಲಿ ಮೆಟ್‌ಫಾರ್ಮಿನ್ ಅಡ್ಡ ಬರುತ್ತದೆ. ನನ್ನ ಊಟದಲ್ಲಿ ಮೊದಲೇ ಅದು ಕಡಿಮೆ. ಲಿವರಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸಿಕೊಂಡು ಹೋಗುತ್ತದೆ, ಅದಕ್ಕೇ ತೊಂದರೆ ಇಷ್ಟು ತಡವಾಗಿ ಕಾಣಿಸುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯುವುದು ಸಾಮಾನ್ಯ ಅಂತ 2022ರಲ್ಲೇ ಎಚ್ಚರಿಸಿತ್ತಂತೆ. ಮಗಳು ಮೊಬೈಲಿನಲ್ಲಿ ತೋರಿಸಿದಳು. ನೋಡಿ ಹೊಟ್ಟೆ ಉರಿಯಿತು. ಒಂದು ರಕ್ತಪರೀಕ್ಷೆಯ ಮಾತು, ಅಲ್ವಾ?

ಇಂಜೆಕ್ಷನ್ ಶುರುವಾಯಿತು. ದಾಳಿಂಬೆ ರಸದಂತೆ ಕೆಂಪು ಮದ್ದು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಸುಸ್ತು ಎರಡೇ ವಾರದಲ್ಲಿ ಇಳಿಯಿತು. ನಾಲಿಗೆಯೂ ಸರಿಹೋಯಿತು. ನರ ಮಾತ್ರ ಹಾಗಲ್ಲ. ಮೊದಲ ತಿಂಗಳು ಕಾಲಿನಲ್ಲಿ ಚುಚ್ಚಿದ ಹಾಗೆ ಆಗುವುದು ಇನ್ನೂ ಜಾಸ್ತಿ ಆಗಿ, ಬಿಟ್ಟುಬಿಡೋಣ ಅನ್ನಿಸಿತ್ತು. ಕೆಲವರಿಗೆ ಹಾಗಾಗುತ್ತದೆ, ನಿಲ್ಲಿಸಬೇಡಿ ಅಂದರು ಡಾಕ್ಟರಮ್ಮ. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಗಳದ ಕಲ್ಲು ಪಾದಕ್ಕೆ ತಣ್ಣಗೆ ತಾಗಿತು. ಅಲ್ಲೇ ನಿಂತುಬಿಟ್ಟೆ. ಕಾಫಿ ಉಕ್ಕಿ ಹೋಯಿತು.

ಅಕ್ಕಪಕ್ಕದವರ ಸಲಹೆ ಕೇಳಿ ಕಾಲ ಕಳೆಯಬೇಡಿ. ನುಗ್ಗೆಸೊಪ್ಪು, ರಾಗಿ ಒಳ್ಳೆಯದೇ, ಆದರೆ ಅವುಗಳಲ್ಲಿ ಬಿ12 ಇಲ್ಲ. ಸ್ಪಿರುಲಿನಾ ಮಾತ್ರೆಯಲ್ಲಿ ಇರುವುದು ಹೆಚ್ಚಾಗಿ ನಮ್ಮ ಮೈಗೆ ಬಳಕೆಯಾಗದ ಥರದ್ದು. ‘ನರಕ್ಕೆ ಒಳ್ಳೆಯದು’ ಅಂತ ಅಂಗಡಿಯವರು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಬಿ6 ಕೂಡ ಇರುತ್ತದೆ. ಅದು ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ಹೊಟ್ಟೆ ಸೇರಿದರೆ ಅದರಿಂದಲೇ ಜೋಮು ಬರುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಮಾತ್ರೆ ಶುರು ಮಾಡಿ ಪರೀಕ್ಷೆಗೆ ಹೋದರೆ ರಕ್ತದಲ್ಲಿ ಬಿ12 ಚೆನ್ನಾಗೇ ಕಾಣಿಸಿ ದಾರಿ ತಪ್ಪಿಸುತ್ತದೆ. ಇದನ್ನು ಓದಿ ಮೆಟ್‌ಫಾರ್ಮಿನ್ ಬಿಟ್ಟುಬಿಡಬೇಡಿ ಮತ್ತೆ! ನಾನೂ ಬಿಟ್ಟಿಲ್ಲ. ಗ್ಯಾಸ್ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ನಿಲ್ಲಿಸಿದೆ. ವರ್ಷಕ್ಕೊಮ್ಮೆ ಬಿ12 ನೋಡಿಸುತ್ತೇನೆ.

ಈಗ ಹದಿನಾಲ್ಕು ತಿಂಗಳಾಯಿತು. ಮಷಿನ್ ತುಳಿಯುತ್ತೇನೆ, ಚಪ್ಪಲಿ ಕಾಲಲ್ಲೇ ಇರುತ್ತದೆ. ಬಲಗಾಲಿನ ಎರಡು ಬೆರಳು ಇನ್ನೂ ಮರದ ಹಾಗೇ ಇವೆ. ಇನ್ನು ಮೊದಲಿನ ಹಾಗೆ ಆಗಲಿಕ್ಕಿಲ್ಲ, ತಡವಾಗಿ ಬಂದಿರಿ ಅಂದರು. ರಾತ್ರಿ ಬಚ್ಚಲಿಗೆ ಹೋದರೆ ಲೈಟ್ ಹಾಕಿ, ಗೋಡೆ ಹಿಡಿದೇ ನಿಲ್ಲುತ್ತೇನೆ. ಸಣ್ಣ ಮಣಿ ಪೋಣಿಸುವ ಕುಚ್ಚು ಬಂದರೆ ಮಗಳ ಕೈಗೆ ಕೊಡುತ್ತೇನೆ.