ಓ ಪೇರ್ ಏಜೆನ್ಸಿ ಬೇಕಾ? ಜರ್ಮನಿಯಲ್ಲಿ ಒಂದು ವರ್ಷ ಇದ್ದವಳ ವಿಮರ್ಶೆ

ರೇಟಿಂಗ್: 5ಕ್ಕೆ 3

ಜರ್ಮನಿಗೆ ಓ ಪೇರ್ ಆಗಿ, ಅಂದರೆ ಅಲ್ಲಿನವರ ಮನೆಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಳ್ಳುತ್ತ ಭಾಷೆ ಕಲಿಯಲು, ಹೋಗುವ ಆಸೆ ಇರುವವರು ನನಗೆ ಕೇಳುವ ಪ್ರಶ್ನೆ ಒಂದೇ. ಏಜೆನ್ಸಿ ಮೂಲಕ ಹೋಗಬೇಕಾ, ವೆಬ್‌ಸೈಟಿನಲ್ಲಿ ನಾವೇ ಮನೆ ಹುಡುಕಿಕೊಂಡರೆ ಸಾಕಾ? ಜರ್ಮನಿಯಲ್ಲಿ ಏಜೆನ್ಸಿ ಕಡ್ಡಾಯ ಅಲ್ಲ. ನಾನು ಏಜೆನ್ಸಿ ಮೂಲಕವೇ ಹೋದೆ. 2023ರಿಂದ 2024ರವರೆಗೆ ಫ್ರೈಬುರ್ಗ್ ಹತ್ತಿರದ ಒಂದು ಸಣ್ಣ ಊರಿನಲ್ಲಿ, ಇಬ್ಬರು ಮಕ್ಕಳಿರುವ ಮನೆಯಲ್ಲಿದ್ದೆ. ಏಜೆನ್ಸಿಯ ಹೆಸರು ಇಲ್ಲಿ ಹಾಕುವುದಿಲ್ಲ. ಇಂಥ ಸೇವೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಗೊತ್ತಾದರೆ ಸಾಕು, ಅಲ್ವಾ?

ಮೊದಲು ದುಡ್ಡಿನ ಮಾತು. ಜರ್ಮನಿಯ ಏಜೆನ್ಸಿ ಓ ಪೇರ್ ಕೈಯಿಂದ 150 ಯೂರೋಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅದು ಕಾನೂನು. ಇಲ್ಲಿ ಕೂತು ಲಕ್ಷಗಟ್ಟಲೆ ಕೇಳುವ ಕನ್ಸಲ್ಟೆಂಟ್ ಸಿಕ್ಕರೆ, ಸುಮ್ನೆ ಎದ್ದು ಬನ್ನಿ. ಹಾಗಾದರೆ ಏಜೆನ್ಸಿ ನಡೆಯುವುದು ಯಾರ ದುಡ್ಡಿನಿಂದ? ಮಕ್ಕಳ ಮನೆಯವರು ಕೊಡುವ ಫೀಸಿನಿಂದ. ಗಿರಾಕಿ ಅವರು, ನಾವಲ್ಲ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಮುಂದೆ ನಡೆಯುವ ಎಷ್ಟೋ ಸಂಗತಿಗೆ ಆಶ್ಚರ್ಯ ಪಡಬೇಕಾಗಿಲ್ಲ.

ಹೊರಡುವ ಮೊದಲಿನ ಕೆಲಸದಲ್ಲಿ ಅವರಿಗೆ ಪೂರ್ತಿ ಅಂಕ. ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆಯನ್ನು ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆದೆ, ಅದು ನಮ್ಮದೇ ತಲೆನೋವು. ಆದರೆ ಕರಾರುಪತ್ರ, ಇನ್ಶೂರೆನ್ಸ್ ಕಾಗದ, ಯಾಕೆ ಬರುತ್ತಿದ್ದೇನೆ ಅಂತ ಜರ್ಮನ್‌ನಲ್ಲಿ ಬರೆಯಬೇಕಾದ ಪತ್ರ, ಎಲ್ಲವನ್ನೂ ಒಂದೊಂದಾಗಿ ನೋಡಿ ತಿದ್ದಿಸಿದರು. ವೀಸಾ ಅರ್ಜಿ ಹಾಕುವ ದಿನಕ್ಕೆ 27 ತುಂಬಿರಬಾರದು ಅನ್ನುವುದನ್ನೂ ಮೊದಲ ಫೋನಿನಲ್ಲೇ ಹೇಳಿದರು.

ಕರಾರಿನಲ್ಲಿ ಇದ್ದದ್ದು ಇಷ್ಟು. ವಾರಕ್ಕೆ 30 ಗಂಟೆ, ದಿನಕ್ಕೆ ಆರು ಗಂಟೆಗಿಂತ ಹೆಚ್ಚಿಲ್ಲ. ತಿಂಗಳಿಗೆ 280 ಯೂರೋ ಕೈಖರ್ಚು, ಭಾಷೆಯ ಕ್ಲಾಸಿಗೆ 70 ಯೂರೋ ಬೇರೆ. ಊಟ, ಸ್ವಂತ ಕೋಣೆ, ಇನ್ಶೂರೆನ್ಸ್ ಮನೆಯವರದ್ದು. ವಾರಕ್ಕೆ ಒಂದೂವರೆ ದಿನ ರಜೆ, ವರ್ಷಕ್ಕೆ ನಾಲ್ಕು ವಾರ. ಕಾಗದದಲ್ಲಿ ಓದಿದರೆ ಆರಾಮಾಗಿ ಕಾಣುತ್ತದೆ. 280ರಲ್ಲಿ ಬಸ್ಸು, ಲೋಕಲ್ ರೈಲಿಗೆ ಆಗುವ, ಆಗ 49 ಯೂರೋ ಇದ್ದ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು ಕಳೆದರೆ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಟಿಕೆಟ್ ದುಡ್ಡಿನ ಮಾತು ಕರಾರಿನಲ್ಲಿ ಇರಲಿಲ್ಲ. ಕೇಳಿ ನೋಡಿ ಅಂತ ಹೇಳಿಕೊಟ್ಟದ್ದು ಏಜೆನ್ಸಿಯ ಹೆಂಗಸೇ. ಕೇಳಿದೆ, ಅರ್ಧ ಕೊಟ್ಟರು.

ಮನೆಯವರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು. ಸಂಜೆ ಊಟಕ್ಕೆ ತಣ್ಣಗಿನ ಬ್ರೆಡ್ಡು, ಚೀಸು ನೋಡಿ ನನ್ನ ಮುಖ ಬಾಡಿದ್ದು ಕಂಡು, ಅಕ್ಕಿ ತಂದಿಟ್ಟು ಒಲೆ ನನಗೆ ಬಿಟ್ಟುಕೊಟ್ಟರು. ತೊಂದರೆ ಶುರುವಾದದ್ದು ಚಳಿಗಾಲದಲ್ಲಿ. ಮಕ್ಕಳ ಅಮ್ಮನ ಕೆಲಸದ ಸಮಯ ಬದಲಾಯಿತು. ಕಿಂಡರ್‌ಗಾರ್ಟನ್‌ನಿಂದ ಮಕ್ಕಳನ್ನು ಕರೆತರುವುದು, ಸ್ನಾನ, ಊಟ, ಮಲಗಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಅದರ ಮೇಲೆ ವಾರದಲ್ಲಿ ಎರಡು ಮೂರು ರಾತ್ರಿ 'ಮಕ್ಕಳು ಮಲಗಿರುತ್ತಾರೆ, ನೀನು ಮನೆಯಲ್ಲಿದ್ದರೆ ಸಾಕು' ಅಂತ ಇಬ್ಬರೂ ಹೊರಗೆ ಹೋಗುವುದು. ಮಲಗಿರುವ ಮಕ್ಕಳನ್ನು ಕಾಯುವುದೂ ಕೆಲಸವೇ, 30 ಗಂಟೆಯ ಲೆಕ್ಕಕ್ಕೇ ಸೇರುತ್ತದೆ. ನಿಯಮ ನನಗೆ ಗೊತ್ತಿತ್ತು. ಹೇಳುವುದು ಹೇಗೆ? ಉಂಡ ಮನೆಯ ಜಂತೆ ಎಣಿಸಬಾರದು ಅಂತ ಕೇಳಿಕೊಂಡು ಬೆಳೆದವರು ನಾವು. ಉಂಡ ಮನೆಯಲ್ಲಿ ಕೂತು ಗಂಟೆ ಎಣಿಸುವುದು ಬಾಯಿಗೆ ಬರುವ ಮಾತಲ್ಲ. ಅದೂ ಅವರ ಮಾತಿನ ಧಾಟಿ ಪೂರ್ತಿ ಆ ಸೀಮೆಯದ್ದು. ಬೆಂಗಳೂರಿನಲ್ಲಿ ಕಲಿತ ಜರ್ಮನ್ ಅಲ್ಲಿ ಬೇರೆ ದೇಶದ ಭಾಷೆ.

ಏಜೆನ್ಸಿಗೆ ಬರೆದೆ. ಮೊದಲ ಉತ್ತರ ಬಂದಾಗ ಸಿಟ್ಟೇ ಬಂತು. ಇದು ಸಂಸ್ಕೃತಿ ವಿನಿಮಯ, ಮನಸ್ಸು ಬಿಚ್ಚಿ ಮಾತಾಡಿ, ಸ್ವಲ್ಪ ಹೊಂದಿಕೊಳ್ಳಿ. ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ ಅದು. ಆಮೇಲೆ ಪ್ರತಿ ದಿನ ಎಷ್ಟರಿಂದ ಎಷ್ಟರವರೆಗೆ ಕೆಲಸ ಮಾಡಿದೆ ಅಂತ ಬರೆದು ಹಾಳೆಯ ಫೋಟೋ ಕಳಿಸಿದೆ. ಆಗ ಧಾಟಿ ಬದಲಾಯಿತು. ಬೇರೆ ಒಬ್ಬರು ಫೋನ್ ಮಾಡಿದರು. ಮನೆಯವರನ್ನೂ ಸೇರಿಸಿ ವಿಡಿಯೋ ಕಾಲ್ ಇಟ್ಟರು. ನಾನು ಹೇಳಲಾಗದೆ ನುಂಗಿಕೊಂಡಿದ್ದನ್ನು ಅವರು ಎರಡು ವಾಕ್ಯದಲ್ಲಿ, ನಗುತ್ತಲೇ, ನೇರವಾಗಿ ಹೇಳಿದರು. ಪ್ರತಿ ಭಾನುವಾರ ಮುಂದಿನ ವಾರದ ವೇಳಾಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಬೇಕು ಅಂತಾಯಿತು. ಮಕ್ಕಳ ಅಮ್ಮನಿಗೆ ಒಂದು ವಾರ ಮುನಿಸಿತ್ತು. ಆಮೇಲೆ ಅವರೇ ಪಟ್ಟಿ ಬರೆಯತೊಡಗಿದರು. ಗಂಟೆಗಳು 30ಕ್ಕೇ ನಿಂತವು ಅಂತ ಹೇಳಲಾರೆ. ಆದರೆ ಹತ್ತಿರಕ್ಕೆ ಬಂದವು.

ನಾನು ಕೊಟ್ಟ ದುಡ್ಡು ವಸೂಲಾದದ್ದು ಆ ಒಂದು ಕಾಲ್‌ನಲ್ಲಿ. ಮನೆ ಹುಡುಕುವುದು ಯಾರಿಂದಲಾದರೂ ಆಗುತ್ತದೆ. ಒಂದೇ ಸೂರಿನಡಿ ಇರುವವರ ನಡುವೆ ಮೂರನೆಯವರ ಬಾಯಿ ಬೇಕಾಗುವ ದಿನ ಬರುತ್ತದಲ್ಲ, ಆ ದಿನಕ್ಕೆ ಏಜೆನ್ಸಿ ಬೇಕು.

ಎರಡು ಸ್ಟಾರ್ ಕಡಿಮೆ ಯಾಕೆ? ಹೇಗಿದ್ದೀರಿ ಅಂತ ಕೇಳುವ ಅವರ ಇಮೇಲ್ ಬರುತ್ತಿದ್ದದ್ದು ನನಗೂ ಮನೆಯವರಿಗೂ ಒಟ್ಟಿಗೆ. ಅಲ್ಲಿಗೆ ಹೋದ ಮೇಲೆ ಅವರ ಮೊದಲ ಫೋನ್ ಬಂದಾಗ ಅಡುಗೆಮನೆಯಲ್ಲಿ ಎಲ್ಲರೂ ನಿಂತಿದ್ದರು. ಹಾಗಿದ್ದಾಗ ಯಾರು ತಾನೇ ನಿಜ ಹೇಳುತ್ತಾರೆ? ಆಫೀಸು ದೇಶದ ಇನ್ನೊಂದು ತುದಿಯಲ್ಲಿತ್ತು, ವರ್ಷದಲ್ಲಿ ಯಾರೂ ಮನೆ ಬಾಗಿಲಿಗೆ ಬರಲಿಲ್ಲ. ತುರ್ತು ನಂಬರಿಗೆ ಶನಿವಾರ ಮಾಡಿದರೆ ರೆಕಾರ್ಡ್ ಮಾಡಿದ ದನಿ. ಅಮೆರಿಕದಲ್ಲಿ ಓ ಪೇರ್ ವ್ಯವಸ್ಥೆ ವಿದೇಶಾಂಗ ಇಲಾಖೆಯ ಕೈಯಲ್ಲಿದೆ. ಅಲ್ಲಿ ಏಜೆನ್ಸಿ ಕಡ್ಡಾಯ, ಒಂದು ಗಂಟೆ ದಾರಿಯೊಳಗೆ ಅವರ ಕಡೆಯವರು ಇರಲೇಬೇಕು, ತಿಂಗಳಿಗೊಮ್ಮೆ ಮಾತಾಡಲೇಬೇಕು. (ಅಲ್ಲಿ ಕೆಲಸ ವಾರಕ್ಕೆ 45 ಗಂಟೆವರೆಗೆ, ಅದು ಬೇರೆ ಮಾತು.) ಜರ್ಮನಿಯಲ್ಲಿ ಏಜೆನ್ಸಿ ತೆರೆಯಲು ವಿಶೇಷ ಲೈಸೆನ್ಸ್ ಕೂಡ ಬೇಡ. ಹಾಗಾಗಿ ಏಜೆನ್ಸಿಗೆ ರಾಲ್ (RAL) ಅನ್ನುವ ಗುಣಮಟ್ಟದ ಮುದ್ರೆ ಇದೆಯಾ ಅಂತ ನೋಡಿಕೊಳ್ಳಿ, ಮತ್ತು ಮನೆಯವರಿಲ್ಲದೆ ನನ್ನೊಬ್ಬಳ ಜೊತೆಯೇ ಮಾತಾಡುತ್ತೀರಾ ಅಂತ ಸಹಿ ಹಾಕುವ ಮೊದಲೇ ಕೇಳಿ.

ಮನೆ ಬದಲಾಯಿಸಬೇಕಾಗಿ ಬಂದರೆ ಏನು ಮಾಡುತ್ತಾರೆ ಅಂತಲೂ ಕೇಳಿ. ನನ್ನ ಭಾಷಾ ಕ್ಲಾಸಿನಲ್ಲಿದ್ದ ಕೊಲಂಬಿಯಾದ ಹುಡುಗಿ ತಾನೇ ಮನೆ ಹುಡುಕಿಕೊಂಡು ಬಂದಿದ್ದಳು. ಮನೆಯವರು ಎರಡು ವಾರದಲ್ಲಿ ಖಾಲಿ ಮಾಡು ಅಂದರು. ಕರಾರಿನ ನೋಟಿಸ್ ಅಷ್ಟೇ ಇರುವುದು. ಮಲಗುವುದೆಲ್ಲಿ, ಹೊಸ ಮನೆ ಯಾವುದು, ವೀಸಾ ನೋಡಿಕೊಳ್ಳುವ ವಿದೇಶಿಯರ ಕಚೇರಿಗೆ ಏನು ಬರೆಯಬೇಕು, ಎಲ್ಲ ಅವಳ ತಲೆ ಮೇಲೆ. ಏಜೆನ್ಸಿ ಇಲ್ಲದವರಿಗೂ ಒಂದು ದಾರಿ ಇದೆ: ಚರ್ಚುಗಳ ಕಡೆಯ ಇನ್ ವಿಯಾ (IN VIA) ಮತ್ತು ವಿಐಜೆ (vij) ಸಂಸ್ಥೆಗಳು ಓ ಪೇರ್‌ಗಳಿಗೆ ಸಲಹೆ ಕೊಡುತ್ತವೆ. ಯಾವ ಧರ್ಮ ಅಂತ ಕೇಳುವುದಿಲ್ಲ. ನಂಬರ್ ಬರೆದಿಟ್ಟುಕೊಂಡಿರಿ.

ಕೊನೆಯ ತಿಂಗಳುಗಳಲ್ಲಿ ಏಜೆನ್ಸಿ ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಓ ಪೇರ್ ವೀಸಾ 12 ತಿಂಗಳಿಗೇ ಮುಗಿಯುತ್ತದೆ, ಇನ್ನೊಂದು ಸಲ ಸಿಗುವುದಿಲ್ಲ. ಅಲ್ಲೇ ಉಳಿಯುವ ಮನಸ್ಸಿದ್ದರೆ ಔಸ್‌ಬಿಲ್ಡುಂಗ್ ಅನ್ನುವ ಕೆಲಸದ ತರಬೇತಿಗೋ ಸ್ವಯಂಸೇವೆಯ ವರ್ಷಕ್ಕೋ ಅರ್ಜಿ ಹಾಕಬೇಕು. ಅದಕ್ಕೆ ಭಾಷೆ ಚೆನ್ನಾಗಿ ಬರಬೇಕು, ಹಾಗಾಗಿ ಕ್ಲಾಸು ತಪ್ಪಿಸಬೇಡಿ. ಈ ವಿಷಯ ಏಜೆನ್ಸಿಯವರು ತಾವಾಗಿ ಒಂದು ಮಾತೂ ಹೇಳಲಿಲ್ಲ. ನನಗೆ ತಿಳಿದದ್ದು ಕ್ಲಾಸಿನ ಮೇಷ್ಟ್ರಿಂದ. ಅರ್ಧ ವರ್ಷ ಕಳೆಯುತ್ತಿದ್ದ ಹಾಗೆ ಅರ್ಜಿ ಶುರು ಮಾಡಿ. ಮನೆ ಬಿಡುವ ಮೊದಲು ಮಕ್ಕಳ ಅಪ್ಪ ಅಮ್ಮನಿಂದ ಕೆಲಸದ ಪತ್ರ ಬರೆಸಿಕೊಳ್ಳಿ, ಸಹಿ ಮತ್ತು ತಾರೀಖು ಸಮೇತ.