ತಗಡಿನ ಸೂರು ಹಾಕಿಸುವವರು ಹಣ ಕೊಡುವ ಮುನ್ನ ಹಿಂದಿನ ಅಂಚನ್ನು ಏರಿ ನೋಡಿರಿ

ಗಂಗಾವತಿ ಸುತ್ತಮುತ್ತ ಮಳೆಗಾಲಕ್ಕೆ ಮೊದಲು ಮನೆಯ ಮೇಲೆ ತಗಡು ಹಾಕಿಸಲು ಹೊರಟವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಮಧ್ಯಾಹ್ನ 40 ಡಿಗ್ರಿ ದಾಟಿದ ಬಿಸಿಲು, ಸಂಜೆ ಕಣ್ಣು ಬಿಡಲಾಗದಷ್ಟು ಧೂಳೆಬ್ಬಿಸುವ ಬಿರುಗಾಳಿ, ಅದರ ಬೆನ್ನಿಗೇ ಗುಡುಗು ಮಳೆ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಇದು ಹೊಸದೇನಲ್ಲ. ಹಿಂದೆ ಮಣ್ಣಿನ ಮಾಳಿಗೆಗೆ ಬೇಸಿಗೆಯಲ್ಲಿ ಸವುಳು ಮಣ್ಣು ಹಾಕಿಸಿದರೆ ಮುಗಿಯುತ್ತಿತ್ತು. ಆ ಕೆಲಸ ಬಲ್ಲವರು ಈಗ ಸಿಗುವುದಿಲ್ಲವಾದ್ದರಿಂದ ಹಿಂಬದಿಯ ಮಾಳಿಗೆ ಕೆಡವಿಸಿ ತಗಡು ಹಾಕಿಸಿದೆವು.

ಗುತ್ತಿಗೆದಾರರು ಚೀಟಿಯಲ್ಲಿ ತಮ್ಮ ಕೈಯಾರೆ ಬರೆದುಕೊಟ್ಟಿದ್ದು 0.50 ಎಂಎಂ ದಪ್ಪದ ತಗಡು, ಅದನ್ನು ಹೊರುವ ಪ್ರತಿ ಕಬ್ಬಿಣದ ಆಂಗಲ್‌ಗೂ ಸ್ಕ್ರೂ, ಪ್ರತಿ ಸ್ಕ್ರೂಗೂ ರಬ್ಬರ್ ವಾಷರ್ ಎಂದು. ಕೆಲಸ ಮುಗಿದ ದಿನ ಬೀದಿಯಲ್ಲಿ ನಿಂತು ನೋಡಿದರೆ ಮುಂದಿನ ಅಂಚಿನಲ್ಲಿ ಸ್ಕ್ರೂಗಳು ಸಾಲಾಗಿ ಹೊಳೆಯುತ್ತಿದ್ದವು. ಅಂದೇ ಪೂರ್ತಿ ಹಣ ಎಣಿಸಿಕೊಂಡು ಹೋದರು.

ಭರಣಿ ಮಳೆಯ ಮೊದಲ ಗಾಳಿಗೇ ಹಿಂಭಾಗದ ತಗಡುಗಳು ಚಾಪೆಯಂತೆ ಸುರುಳಿ ಸುತ್ತಿ ಎದ್ದು ಪಕ್ಕದ ಹಿತ್ತಲಿಗೆ ಬಿದ್ದವು. ಅಲ್ಲಿ ಆಗ ಯಾರೂ ಇರಲಿಲ್ಲ. ಒಳಗಿಟ್ಟಿದ್ದ ಭತ್ತದ ಚೀಲಗಳು ನೆನೆದುಹೋದವು.

ಮರುದಿನ ಬೆಳಿಗ್ಗೆ ಏಣಿ ಹಾಕಿ ಏರಿದಾಗ ಕಂಡದ್ದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. ಕೊನೆಯ ಆಂಗಲ್‌ಗೆ ಬಳಿದ ಬಣ್ಣ ಒಂದು ಗೀರೂ ಇಲ್ಲದೆ ಹೊಸದಾಗಿಯೇ ಇತ್ತು. ಒಂದು ತೂತೂ ಇರಲಿಲ್ಲ. ಇಡೀ ಹಿಂದಿನ ಅಂಚಿನಲ್ಲಿ ಒಂದೇ ಒಂದು ತೂತೂ ಇರಲಿಲ್ಲ! ಅದರ ಮುಂದಿನ ಆಂಗಲ್‌ಗೆ ಹಾಕಿದ್ದ ಕೆಲವೇ ಸ್ಕ್ರೂಗಳಿಗೆ ವಾಷರ್ ಇರಲಿಲ್ಲ. ಅವನ್ನೂ ತಗಡಿನ ಉಬ್ಬಿನ ಮೇಲೆ ಹಾಕದೆ ನೀರು ಹರಿಯುವ ತಗ್ಗಿನಲ್ಲೇ ಹೊಡೆದಿದ್ದರು. ಬಿದ್ದ ತಗಡನ್ನು ಮಗುಚಿದರೆ ಮೇಲಿನ ಅಚ್ಚು 0.30 ಎಂದಿತ್ತು. ಸೂರಿನ ಮೇಲೆ ಹಾಯುವ ಗಾಳಿ ತಗಡನ್ನು ಮೇಲಕ್ಕೆ ಎಳೆಯುತ್ತದೆ, ಆ ಎಳೆತ ಅಂಚು ಮತ್ತು ಮೂಲೆಗಳಲ್ಲೇ ಹೆಚ್ಚು. ಗಾಳಿಯ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875, ಭಾಗ 3 ಕೂಡ ಅದಕ್ಕೇ ಆ ಜಾಗಗಳಿಗೆ ಬೇರೆ ಲೆಕ್ಕ ಕೊಡುತ್ತದೆ. ಸ್ಕ್ರೂಗಳು ಹತ್ತಿರ ಹತ್ತಿರ ಇರಬೇಕಾದ ಜಾಗವನ್ನೇ ಈ ಮಹಾಶಯರು ಖಾಲಿ ಬಿಟ್ಟಿದ್ದರು.

ಫೋನ್ ಮಾಡಿದಾಗ ಬಂದ ಮೊದಲ ಉತ್ತರ: "ಗಾಳಿ ನನ್ನ ಕೈಯಾಗ ಐತೇನ್ರೀ ಸರ್?" ದಪ್ಪದ ವಿಷಯ ಎತ್ತಿದೆ. "ಚೀಟ್ಯಾಗ ಹಂಗ ಬರೀತೀವ್ರೀ, ಮಾರ್ಕೆಟ್‌ನ್ಯಾಗ ಎಲ್ಲಾರೂ ಹಂಗ ಬರಿಯೋದು." ಹಿಂದಿನ ಅಂಚಿಗೆ ಸ್ಕ್ರೂ ಏಕಿಲ್ಲವೆಂದು ಕೇಳಿದ್ದಕ್ಕೆ, "ಅದು ಯಾರಿಗೆ ಕಾಣ್ತೈತ್ರೀ?" ಎಂದರು. ಇಷ್ಟು ವರ್ಷ ಲೆಕ್ಕಪತ್ರ ಬರೆದೇ ಬದುಕಿದ ನನಗೆ, ಬರೆದುಕೊಟ್ಟ ಮಾತಿಗೆ ಬೆಲೆಯಿಲ್ಲವೆಂದು ಹೀಗೆ ನಗುತ್ತಾ ಹೇಳಿದವರು ಇವರೇ ಮೊದಲು. ಕೊನೆಗೆ, ಸ್ಕ್ರೂ ಹಾಕಿಕೊಡುತ್ತೇನೆ, ಕೂಲಿ ಮಾತ್ರ ಬೇರೆ ಕೊಡಿ ಎಂದರು. ಕೂಲಿ ಬೇರೆ!

ತಗಡು ಇಳಿಸುವಾಗಲೇ ಅಚ್ಚು ಓದಿರಿ, ಅಚ್ಚಿಲ್ಲದಿದ್ದರೆ ಸ್ಕ್ರೂಗೇಜ್‌ನಿಂದ ಅಳೆಸಿರಿ. ನೀವೇ ಏರಲಾಗದಿದ್ದರೆ ಮನೆಯ ಹುಡುಗರನ್ನು ಹತ್ತಿಸಿ ಹಿಂದಿನ ಅಂಚಿನ ಫೋಟೊ ತೆಗೆಸದೆ ಕೊನೆಯ ಕಂತು ಕೊಡಬೇಡಿರಿ. ತಗಡು ಹಾರದಿರಲೆಂದು ಕಲ್ಲು, ಟೈರು ಹೇರಿದರೆ ಗಾಳಿಗೆ ಅವೂ ತಲೆಯ ಮೇಲೆ ಬರುತ್ತವೆ. ಚೀಟಿಯನ್ನು ಮಾತ್ರ ಜೋಪಾನವಾಗಿಡಿರಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಆಯೋಗಕ್ಕೆ ದೂರು ಕೊಡಲು 2 ವರ್ಷಗಳ ಅವಕಾಶವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿದರೆ ದಾರಿ ಹೇಳುತ್ತಾರೆ. ನಾನು ಅಚ್ಚು ಕಾಣುವ ಆ ತಗಡನ್ನು ಗುಜರಿಗೆ ಹಾಕದೆ ಇಟ್ಟುಕೊಂಡು ದೂರು ಬರೆದಿದ್ದೇನೆ.

ಅದೇ ಗುತ್ತಿಗೆದಾರರು ಈಗ ನಮ್ಮ ಹಿಂದಿನ ಓಣಿಯಲ್ಲಿ ಕೆಲಸ ಹಿಡಿದಿದ್ದಾರೆ. ಆ ಮನೆಯವರಿಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ, ಮುಂಗಡ ಕೊಟ್ಟಾಗಿದೆಯಂತೆ.