ಗೊಟ್‌ಹಾರ್ಡ್ ದಾಟಲು ಸುರಂಗವೋ, ಹೊಸ ರಸ್ತೆಯೋ, ಟ್ರೆಮೊಲಾವೋ?

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕಡೆಯಿಂದ ದಕ್ಷಿಣದ ಟಿಚಿನೊ ಪ್ರಾಂತ್ಯಕ್ಕೆ ಕಾರಲ್ಲಿ ಹೋಗುವವರಿಗೆ ಗೊಟ್‌ಹಾರ್ಡ್ ಬೆಟ್ಟ ದಾಟಲು ಮೂರು ದಾರಿಗಳಿವೆ. ಬೆಟ್ಟದೊಳಗೆ ಸುರಂಗ, ಮೇಲೆ ಅಗಲವಾದ ಹೊಸ ಘಾಟಿ ರಸ್ತೆ, ದಕ್ಷಿಣದ ಇಳಿಜಾರಿನಲ್ಲಿ ಕಲ್ಲು ಹಾಸಿದ ಹಳೇ ರಸ್ತೆ ಟ್ರೆಮೊಲಾ. ಮೂರರಲ್ಲೂ ಓಡಾಡಿದ್ದೇನೆ. ನನ್ನ ಓಟು ಟ್ರೆಮೊಲಾಗೆ. ಅದೂ ಬೆಟ್ಟದ ದಕ್ಷಿಣದ ಬುಡದಲ್ಲಿರುವ ಐರೋಲೊ ಊರಿನಿಂದ ಮೇಲಕ್ಕೆ ಹತ್ತುವುದಾದರೆ ಬೇರೆ ಮಾತೇ ಇಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಸುರಂಗಕ್ಕೆ ಬೇರೆ ಟೋಲ್ ಇಲ್ಲ. ಹೆದ್ದಾರಿಗೆ ಬೇಕಾದ 40 ಫ್ರಾಂಕಿನ ವಾರ್ಷಿಕ ಸ್ಟಿಕರ್ ಇದ್ದರೆ ಸಾಕು. ಸ್ವಿಟ್ಜರ್ಲೆಂಡಿನಲ್ಲಿ ಕಾರು ಇಟ್ಟುಕೊಂಡವರ ಹತ್ತಿರ ಅದು ಹೇಗೂ ಇರುತ್ತದೆ. ಘಾಟಿ ಹತ್ತಿದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಅಷ್ಟೆ. ಹಾಗಾಗಿ ಇಲ್ಲಿ ಆಯ್ಕೆ ಸಮಯದ್ದು, ಹಣದ್ದಲ್ಲ.

ಸುರಂಗ 1980ರಲ್ಲಿ ತೆರೆದದ್ದು. ಸುಮಾರು 17 ಕಿ.ಮೀ. ಉದ್ದ. ಒಂದೇ ಕೊಳವೆ, ಅದರಲ್ಲೇ ಎರಡೂ ದಿಕ್ಕಿನ ವಾಹನಗಳು. ಎದುರಿನ ಕಾರಿನ ದೀಪ ಕಣ್ಣಿಗೆ ಹೊಡೆಯುತ್ತಲೇ ಇರುತ್ತದೆ. 2001ರಲ್ಲಿ ಇಲ್ಲಿ ಎರಡು ಲಾರಿಗಳು ಡಿಕ್ಕಿಯಾಗಿ ಬೆಂಕಿ ಹತ್ತಿ 11 ಜನ ಸತ್ತರು. ಆಮೇಲೆ ಲಾರಿಗಳನ್ನು ಲೆಕ್ಕ ಹಾಕಿ, ಅಂತರ ಬಿಟ್ಟು ಒಳಗೆ ಬಿಡುವ ವ್ಯವಸ್ಥೆ ಬಂತು. ಒಳ್ಳೆಯ ಕೆಲಸವೇ. ಮಾಮೂಲಿ ದಿನ ಕಾಲು ಗಂಟೆಯಲ್ಲಿ ಆಚೆ ಬದಿ ಸೇರಿಬಿಡಬಹುದು. ಚಳಿಗಾಲದಲ್ಲಂತೂ ಕಾರಿಗೆ ಇದೊಂದೇ ದಾರಿ, ಘಾಟಿ ಹಿಮದಲ್ಲಿ ಮುಚ್ಚಿರುತ್ತದೆ. ಆದರೆ ಈಸ್ಟರ್ ರಜೆಯಲ್ಲಿ, ಬೇಸಿಗೆಯ ಶನಿವಾರಗಳಲ್ಲಿ ಸುರಂಗದ ಬಾಯಿಗೆ 10 ಕಿ.ಮೀ.ಗೂ ಉದ್ದದ ಸಾಲು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಆ ಸಾಲಿನಲ್ಲಿ ಕೂರುವುದು ಎಂಥ ಶಿಕ್ಷೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹೊಸ ಘಾಟಿ ರಸ್ತೆ ಚೆನ್ನಾಗಿದೆ. ಅಗಲ, ನುಣುಪು, ತಿರುವುಗಳು ದೊಡ್ಡವು. ಅಮ್ಮನಿಗೆ ಘಾಟಿ ಅಂದರೆ ವಾಕರಿಕೆ. ಅವರು ಊರಿಂದ ಬಂದಾಗ ಇದರಲ್ಲೇ ಕರೆದುಕೊಂಡು ಹೋದೆ. ಪೂರ್ತಿ ದಾರಿ ಮಾತಾಡಿಕೊಂಡು ಆರಾಮಾಗಿ ಕೂತಿದ್ದರು. ಆದರೆ ದಕ್ಷಿಣದ ಕಡೆ ರಸ್ತೆ ಕಾಂಕ್ರೀಟ್ ಚಪ್ಪರಗಳ ಕೆಳಗೆ ಬಹಳ ದೂರ ಸಾಗುತ್ತದೆ. ಹಿಮ ಬೀಳದಂತೆ ಕಟ್ಟಿದ ಚಪ್ಪರಗಳು ಅವು. ಕಣಿವೆ ತುಂಡು ತುಂಡಾಗಿ ಕಾಣುತ್ತದೆ.

ಉತ್ತರದ ಕಡೆ ಶೋಲೆನೆನ್ ಕಮರಿ, ಅದರ ಮೇಲಿನ ದೆವ್ವದ ಸೇತುವೆ ಘಾಟಿ ಹತ್ತುವ ಎಲ್ಲರಿಗೂ ಸಿಗುತ್ತವೆ. ಈಗ ಕಾರು ಹೋಗುವುದು 1958ರ ಸೇತುವೆಯಲ್ಲಿ. ಅದರ ಕೆಳಗೇ 1830ರ ಕಲ್ಲಿನ ಸೇತುವೆ ಇದೆ, ನಡೆದು ಹೋಗಬಹುದು. ಸುರಂಗದಲ್ಲಿ ಹೋದರೆ ಇದೆಲ್ಲ ತಪ್ಪಿಹೋಗುತ್ತದೆ.

ಇನ್ನು ಟ್ರೆಮೊಲಾ. 1830ರ ಸುಮಾರಿಗೆ ಕುದುರೆ ಗಾಡಿಗಳಿಗಾಗಿ ಮಾಡಿದ ರಸ್ತೆ. ಸುಮಾರು 4 ಕಿ.ಮೀ. ಒಳಗೆ 24 ತಿರುವು, 300 ಮೀಟರ್ ಏರು. ಪೂರ್ತಿ ಚಿಕ್ಕ ಚಿಕ್ಕ ಗ್ರಾನೈಟ್ ಕಲ್ಲು ಹಾಸಿದ್ದಾರೆ. ಗಾಜು ಇಳಿಸಿದರೆ ಚಕ್ರ ಕಲ್ಲಿನ ಮೇಲೆ ಗುರ್ರ್ ಅನ್ನುವುದು ಕೇಳುತ್ತದೆ, ಸ್ಟೀರಿಂಗ್ ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ಗೇರಿನ ಪಕ್ಕ ಇಟ್ಟ ಚಿಲ್ಲರೆ ಕುಣಿಯುತ್ತದೆ. ಪ್ರತಿ ತಿರುವಿನಲ್ಲೂ ತಲೆ ಎತ್ತಿದರೆ ಮುಂದಿನ ತಿರುವಿನ ಕಲ್ಲುಗೋಡೆ ನೆತ್ತಿಯ ಮೇಲೇ ಕಾಣುತ್ತದೆ. ಅಪ್ಪ ತೀರ್ಥಹಳ್ಳಿಯವರು, ಆಗುಂಬೆಯ 14 ತಿರುವು ಅವರಿಗೆ ಬಾಯಿಪಾಠ. ಇಲ್ಲಿ ಹತ್ತುವಾಗ ಒಂದೊಂದನ್ನೂ ಬೆರಳು ಮಡಿಸಿ ಎಣಿಸಿದರು.

ಇದಕ್ಕೆ ಒಂದೇ ಒಂದು ದೊಡ್ಡ ತೊಂದರೆ. ಮೊಬೈಲಿನ ಮ್ಯಾಪ್ ನಿಮ್ಮನ್ನು ಅಲ್ಲಿಗೆ ಬಿಡುವುದೇ ಇಲ್ಲ. ಸುಮ್ನೆ ಬೆಟ್ಟದಾಚೆ ಉತ್ತರದ ಊರು ಆಂಡರ್‌ಮಾಟ್ ಅಂತ ಕೊಟ್ಟರೆ ಸುರಂಗಕ್ಕೆ ತಳ್ಳುತ್ತದೆ. ಹೆದ್ದಾರಿ ಬೇಡ ಅಂತ ಒತ್ತಿದರೆ ಹೊಸ ಘಾಟಿ ರಸ್ತೆಗೆ ತಿರುಗಿಸುತ್ತದೆ, ಯಾಕಂದರೆ ಅದೂ ಹೆದ್ದಾರಿ ಅಲ್ಲ, ಬೇಗ ಬೇರೆ ತಲುಪಿಸುತ್ತದೆ. ಘಾಟಿಯ ತುದಿಯನ್ನೇ ಗುರಿ ಇಟ್ಟರೂ ಅದೇ ಕಥೆ.

ಇನ್ನೂ ಕಿರಿಕಿರಿ ಏನೆಂದರೆ, ಸರಿಯಾದ ದಾರಿ ಹಿಡಿದ ಮೇಲೂ ಅದು ಸುಮ್ಮನಿರುವುದಿಲ್ಲ. ಹಿಂದೆ ತಿರುಗಿ ಅನ್ನುತ್ತಲೇ ಇರುತ್ತದೆ. ಹೊಸ ರಸ್ತೆಗೆ ಒಮ್ಮೆ ಏರಿಬಿಟ್ಟರೆ ಆ ಚಪ್ಪರಗಳ ಕೆಳಗೆ ಕಾರು ತಿರುಗಿಸಲು ಜಾಗ ಎಲ್ಲಿ? ಸೀದಾ ಮೇಲಕ್ಕೇ ಹೋಗಬೇಕು. ಆಗ ಹಳೇ ರಸ್ತೆ ಎದುರಿಗೆ ಕಾಣುತ್ತಿರುತ್ತದೆ, ನಾವು ಅದರ ಮೇಲೆ ಇರುವುದಿಲ್ಲ. ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ಪರಿಹಾರ ಹೇಳುತ್ತೇನೆ. ಮೊದಲು ಐರೋಲೊ ಊರಿನ ಒಳಗೇ ಹೋಗಿ. ಮ್ಯಾಪಿನಲ್ಲಿ ತಿರುವುಗಳ ಗೊಂಚಲು ದೊಡ್ಡದು ಮಾಡಿ, ನಡುವಿನ ಒಂದು ತಿರುವಿನ ಮೇಲೆ ಬೆರಳಿಟ್ಟು ಅದನ್ನೇ ಗುರಿ ಮಾಡಿ. ಅಥವಾ ಮೊಬೈಲ್ ಬಿಟ್ಟು ಸೈಕಲ್ಲಿನವರಿಗೆ ಹಾಕಿರುವ ಕೆಂಪು ಫಲಕ ನೋಡಿ. ದೇಶದ ಉತ್ತರ ದಕ್ಷಿಣದ 3ನೇ ನಂಬರಿನ ಸೈಕಲ್ ದಾರಿ ಗೊಟ್‌ಹಾರ್ಡ್ ಮೇಲೇ ಹೋಗುತ್ತದೆ.

ಹತ್ತಲೇಬೇಕು ಅಂತ ಯಾಕೆ ಹೇಳಿದೆ ಅಂದರೆ, ಇಳಿಯುವಾಗ ಕಲ್ಲಿನ ಮೇಲೆ ಬ್ರೇಕ್ ಒತ್ತಿಕೊಂಡೇ ಇರಬೇಕಾಗುತ್ತದೆ. ಆಟೊಮ್ಯಾಟಿಕ್ ಕಾರಾದರೆ ಕೈಯಾರೆ ಚಿಕ್ಕ ಗೇರಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಬ್ರೇಕ್ ಕಾಯುತ್ತದೆ. ಓಡಿಸುವವರ ಕಣ್ಣು ರಸ್ತೆ ಬಿಟ್ಟು ಕದಲುವಂತಿಲ್ಲ. ಹತ್ತುವಾಗ ಎರಡನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಎಲ್ಲ ನೋಡಬಹುದು. ಮಳೆ ಬಂದರೆ ಕಲ್ಲು ಜಾರುತ್ತದೆ, ಬೈಕಿನವರು ಆ ದಿನ ಹೊಸ ರಸ್ತೆಯನ್ನೇ ಹಿಡಿಯಲಿ. ಸೈಕಲ್ಲಿನವರಿಗೆ ಹಾರ್ನ್ ಹೊಡೆಯಬೇಡಿ, ಅವರು ಕಾಲಿನ ಬಲದಲ್ಲಿ ಏರುತ್ತಿರುತ್ತಾರೆ.

ಮೇಲೆ 2,100 ಮೀಟರ್ ಎತ್ತರದಲ್ಲಿ ಕೆರೆಗಳು, ಹಳೇ ತಂಗುಮನೆ, ಮ್ಯೂಸಿಯಂ ಇವೆ. ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಜುಲೈನಲ್ಲೂ ಸ್ವೆಟರ್ ಬೇಕು.

ನನ್ನ ಅಭ್ಯಾಸ ಈಗ ಹೀಗಿದೆ. ಹೋಗುವಾಗ ಶುಕ್ರವಾರ ಬೆಳಗಿನ ಜಾವವೇ ಹೊರಟು, ಸಾಲು ಬೆಳೆಯುವ ಮೊದಲು ಸುರಂಗ ದಾಟುತ್ತೇನೆ. ವಾಪಸ್ ಭಾನುವಾರ ಟ್ರೆಮೊಲಾ ಹತ್ತಿ ಬರುತ್ತೇನೆ. ಆ ಹೊತ್ತಿಗೆ ಐರೋಲೊ ಹತ್ತಿರ ಸುರಂಗದ ಮುಂದೆ ಸಾಲು ನಿಂತಿರುವುದೇ ಜಾಸ್ತಿ. ನನ್ನ ಲೆಕ್ಕದಲ್ಲಿ ಘಾಟಿಯಲ್ಲಿ ಹೋಗುವ ಸಮಯ ಅಲ್ಲೇ ವಸೂಲಾಗುತ್ತದೆ. ಅಮ್ಮ ಜೊತೆಗಿದ್ದರೆ ಮಾತ್ರ ಹೊಸ ರಸ್ತೆ.